ಆರಿಹೋಗುವ ಕಂಪ್ಯೂಟರು

ಕುಮಾರ್ ಮನೆಯೊಳಕ್ಕೆ ಕಾಲಿಡುವುದಕ್ಕೂ ಕಂಪ್ಯೂಟರು ಆರಿಹೋಗುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ಗೌರಿ ಹಬ್ಬ ಕಳೆದಾಗಿನಿಂದ ಸಂಜೆಯಾದರೆ ಹೀಗೇ. ಹೆಂಡತಿ ಪ್ರಮೀಳಾ ನಡುಮನೆಯ ಮೂಲೆಯಲ್ಲಿ ಮೇಜಿನ ಮುಂದೆ ಕೂತಿರುತ್ತಿದ್ದಳು, ಪರದೆ ಕಪ್ಪಗಿರುತ್ತಿತ್ತು, ಅವಳ ಮುಖದಲ್ಲಿ ಗಾಬರಿ ಇರುತ್ತಿತ್ತು. ಇಷ್ಟನ್ನು ನೋಡಿದ ಮೇಲೆ ಕುಮಾರ್ ಬೇರೇನನ್ನೂ ಯೋಚಿಸಲು ಹೋಗಲಿಲ್ಲ. ಯೋಚನೆ ಮಾಡುವುದು ಆ ಮನೆಯ ಗಂಡಸರಿಗೆ ಒಗ್ಗಿದ ಕೆಲಸವೇ ಅಲ್ಲ. ಅವರಿಗೆ ಬಾಯಿಗಿಂತ ಮೊದಲು ಕೈ ಏಳುತ್ತದೆ.

"ಯಾರ್ ಜೊತೆ ಮಾತಾಡ್ತಾ ಇದ್ದೆ?"

"ಯಾರ ಜೊತೇನೂ ಇಲ್ಲ ಕಣ್ರೀ. ಆಲ್ಬಮ್ ಮಾಡ್ತಿದ್ದೆ. ಅದಾಗದೇ ಆಫ್ ಆಗೋಯ್ತು."

"ನಾನ್ ಬಂದೇಟ್ಗೇ ಆಫ್ ಆಯ್ತದಾ? ಅದುಕ್ಕೇನ್ ಕಣ್ ಅವಾ?"

ಅಂದದ್ದೇ ಅವಳ ಕೆನ್ನೆಗೆ ಬಿತ್ತು. ತಡೆಯಲು ಎತ್ತಿದ ಕೈ ಮೇಜಿನ ಅಂಚಿಗೆ ಬಡಿದು ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿಕೊಂಡಿತು. ಒಳಗೆ ಮುದ್ದೆ ಕಟ್ಟುತ್ತಿದ್ದ ಅತ್ತೆ ಪುಟ್ಟತಾಯಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ನೆಲದ ಮೇಲಿನ ಬಳೆ ಚೂರನ್ನು ನೋಡಿದಳು.

"ಮುದ್ದೆ ತಣ್ಣಗಾಯ್ತದೆ, ಉಣ್ಣಾಕ್ ಬನ್ನಿ" ಎಂದು ಹೇಳಿ ಒಳಗೆ ಹೋದಳು.

ಕಿರಂಗೂರಿನಲ್ಲಿ ಚಿಕ್ಕಸ್ವಾಮಿಯ ಮನೆ ಎಂದರೆ ಕಬ್ಬು, ಭತ್ತ, ಡೇರಿಗೆ ಎರಡು ಹೊತ್ತು ಹಾಲು ಹಾಕುವ ಸೀಮೆಹಸುಗಳು. ಹಿರಿಮಗ ಕುಮಾರ್ ಶ್ರೀರಂಗಪಟ್ಟಣದ ಬೈಕ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ಪ್ರಮೀಳಾ ಕೆ.ಆರ್. ಪೇಟೆಯ ಕಡೆಯವಳು. ಮದುವೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಆಲ್ಬಮ್ ಮಾಡುವುದನ್ನು ಕಲಿತಿದ್ದಳು. ಪಾಂಡವಪುರದ ಅರ್ಪಿತ ಎಂಬಾಕೆಯ ಸ್ಟುಡಿಯೋದಿಂದ ಕೆಲಸ ಬರುತ್ತಿತ್ತು, ಮನೆಯಲ್ಲೇ ಕೂತು ಮಾಡಿ ಕೊಡುತ್ತಿದ್ದಳು. ಆ ಹಳೇ ಕಂಪ್ಯೂಟರನ್ನು ತಾನೇ ದುಡಿದು ತಂದದ್ದು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ, ಅದರ ಮೇಲೆ ಅವಳಿಗೆ ಪ್ರಾಣ.

ಕಿರಿಮಗ ಅಪ್ಪು ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ. ಹುಡುಕುವುದಕ್ಕಿಂತ ಹೆಚ್ಚಾಗಿ ಅತ್ತಿಗೆಯ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿದ್ದ. ಗೇಮು ತಡೆತಡೆದು ಓಡುತ್ತದೆ ಎಂದು ಗೌರಿ ಹಬ್ಬದ ರಜೆಯಲ್ಲಿ ಯಾವುದೋ ವಿಡಿಯೋ ನೋಡಿ ಒಳಗಿನ ಸೆಟ್ಟಿಂಗಿಗೆ ಕೈಹಾಕಿದ್ದ. ಕಂಪನಿಯವರು ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡುವ ಹಾಗೆ ಮಾಡಿದ್ದ. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಹಾಗೆ ಮಾಡಿದರೆ ಕಂಪ್ಯೂಟರು ಹೆಚ್ಚು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಆಗಾಗ ತಾನೇ ಆರಿಹೋಗುತ್ತದೆ ಎಂದೂ ಆ ವಿಡಿಯೋದಲ್ಲಿ ಹೇಳಿದ್ದರು. ಅತ್ತಿಗೆಗೆ ಮೊದಲ ಏಟು ಬಿದ್ದಾಗ ಅಪ್ಪು ಜಗಲಿಯ ಮೇಲೆ ಕೂತಿದ್ದ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಹೇಳಿದರೆ ಏಟು ತನಗೆ, ವೇಗ ಇಳಿಸಿದರೆ ಗೇಮು ಓಡುವುದಿಲ್ಲ. ಇಂಥವನನ್ನು ಏನೆನ್ನಬೇಕೋ ನೀವೇ ಹೇಳಿ.

ಪ್ರಮೀಳಾ ಅಳುತ್ತಾ ಕೂರಲಿಲ್ಲ. ಮಾರನೆಯ ದಿನವೇ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಳು. ಒಳಗಿನ ಫ್ಯಾನಿನ ತುಂಬ ಹುಲ್ಲಿನ ದೂಳು. ಅದನ್ನು ಹಳೇ ಬಣ್ಣದ ಬ್ರಷ್ಷಿನಲ್ಲಿ ಗುಡಿಸಿ ತೆಗೆದಳು. ಸಂಜೆ ಮತ್ತೆ ಆಫ್ ಆಯಿತು. ಮೆಮೊರಿ ಕಡ್ಡಿಯನ್ನು ಕಿತ್ತು ರಬ್ಬರಿನಲ್ಲಿ ಉಜ್ಜಿ ಹಾಕಿದಳು. ಮತ್ತೆ ಆಫ್. ಈ ಗೋಡೆಯ ಪ್ಲಗ್ಗು ಬಿಟ್ಟು ಆ ಗೋಡೆಗೆ ಹಾಕಿದಳು, ವೈರು ಬದಲಾಯಿಸಿದಳು, ಬಿಚ್ಚಿದ ಪೆಟ್ಟಿಗೆಯ ಮುಂದೆ ಟೇಬಲ್ ಫ್ಯಾನು ತಂದಿಟ್ಟಳು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಆಗ ಯಾವುದು ಕೆಟ್ಟಿದೆ ಎಂದು ಸಿಕ್ಕುತ್ತದೆ ಎಂದು ಅವಳಿಗೆ ಕಲಿಸಿಕೊಟ್ಟವರು ಹೇಳಿದ್ದರು.

"ಏನಾಗಿರ್ಬೋದು ಅಪ್ಪು?" ಎಂದು ಮೈದುನನನ್ನೇ ಕೇಳಿದಳು.

"ಇಲ್ಲಿ ದೂಳು ಜಾಸ್ತಿ ಅಲ್ವಾ ಅತ್ಗೆ, ಅದುಕ್ಕೇ ಇರ್ಬೇಕು" ಎಂದ ಅವನು, ಟಾರ್ಚು ಹಿಡಿದುಕೊಂಡೇ.

ಕುಮಾರನಿಗೆ ಒಂದು ಪದ್ಧತಿ ಇತ್ತು. ಅವನ ಬೈಕಿನ ಸದ್ದು ಕೇಳಿದರೆ ಕೊಟ್ಟಿಗೆಯ ಹಸುಗಳು ಕೂಗಿಕೊಳ್ಳುತ್ತಿದ್ದವು. ಹಾಗಾಗಿ ಅವನು ಮುಂಬಾಗಿಲಿಗೆ ಬರುತ್ತಲೇ ಇರಲಿಲ್ಲ. ನೇರ ಹಿತ್ತಲಿಗೆ ಹೋಗಿ, ಮೇವು ಕತ್ತರಿಸುವ ಮಿಷನ್ನು ಹಾಕಿ, ಒಂದು ಕಂತೆ ಸೀಮೆಹುಲ್ಲು ಅದರ ಬಾಯಿಗೆ ಕೊಟ್ಟು, ಉಳಿದದ್ದನ್ನು ಅಪ್ಪನ ಕೈಗೆ ಬಿಟ್ಟು, ಕಾಲು ತೊಳೆದು ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದ. ಬಂದರೆ ಪರದೆ ಕಪ್ಪು. ಬಂದರೆ ಜಗಳ.

"ಆ ಅರ್ಪಿತ ಅನ್ನೋದು ಯಾವನು?"

"ಹೆಂಗ್ಸು ಕಣ್ರೀ ಅವ್ರು. ಮದ್ವೆಗೂ ಬಂದಿದ್ರಲ್ಲ."

"ಹೆಂಗ್ಸಿನ್ ಹೆಸ್ರು ಹಾಕ್ಕಂಡು ಮೆಸೇಜ್ ಮಾಡೋರ್ನ ನಾನು ನೋಡಿಲ್ವಾ?"

ಆ ವಾರದಲ್ಲೇ ಅರ್ಪಿತ ಸ್ಕೂಟರಿನಲ್ಲಿ ಖುದ್ದು ಬಂದಳು. ಜಗಲಿಯ ಮೇಲೆ ಕೂತು ಕಾಫಿ ಕುಡಿದಳು. ಪ್ರಮೀಳಾಳ ತುಟಿ ಊದಿದ್ದನ್ನು ನೋಡಿ, "ಇಲ್ಲಿ ಆಫ್ ಆದ್ರೆ ನಮ್ ಸ್ಟುಡಿಯೋ ಹಿಂದುಗಡೆ ರೂಮ್ ಐತೆ, ಅಲ್ಲೇ ಬಂದು ಕೂತ್ಕೊಂಡು ಮಾಡಿ" ಎಂದು ಹೇಳಿ ಹೋದಳು. ಕುಮಾರ್ ಅವಳನ್ನು ಕಣ್ಣಾರೆ ನೋಡಿದ. ಅವಳ ಸ್ಕೂಟರು ತಿರುವು ದಾಟುವ ತನಕ ಸುಮ್ಮನಿದ್ದು, "ಇವಳ್ಗೆ ಅಣ್ಣನೋ ತಮ್ಮನೋ ಇರ್ಬೇಕು" ಎಂದ.

ಹಾಗೆ ಅಂದವನಿಗೆ ಏನು ತೋರಿಸಿದರೆ ತಾನೆ ಏನು? ಆದರೂ ಪ್ರಮೀಳಾ ಪಟ್ಟು ಬಿಡಲಿಲ್ಲ. ರಿಪೇರಿ ಅಂಗಡಿಗೆ ತೋರಿಸೋಣ ಎಂದಳು. ಕುಮಾರ್ ತಾನೇ ಬೈಕಿನ ಮೇಲೆ ಇಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಒಯ್ದ. ಅಂಗಡಿಯವನು ಎರಡು ದಿನ ಓಡಿಸಿ ನೋಡಿದ. ಅಲ್ಲಿ ಅದು ಒಂದು ಸಲವಾದರೂ ಆರಬೇಕಲ್ಲ, ಇಲ್ಲ.

"ನಿಮ್ ಮಿಷನ್ ಚೆನ್ನಾಗೈತೆ ಸಾರ್, ಏನೂ ತೊಂದ್ರೆ ಇಲ್ಲ" ಎಂದು ವಾಪಸ್ಸು ಕೊಟ್ಟ.

ಆ ಸಂಜೆ ನಡೆದದ್ದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯಬೇಕು. ಕುಮಾರ್ ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟ. ಬಾಗಿಲು ಹಾಕಿದ. ಸೊಂಟದ ಬೆಲ್ಟು ಬಿಚ್ಚಿದ.

"ಅಂಗ್ಡೀಲಿ ಆಫ್ ಆಗ್ದೆ ಇರೋದು ನಿನ್ ಮುಂದೆ ಯಾಕ್ ಆಫ್ ಆಯ್ತದೆ? ಹೇಳು. ಯಾಕ್ ಆಯ್ತದೆ?"

"ನಂಗೊತ್ತಿಲ್ಲಾ... ದೇವ್ರಾಣೆ ಗೊತ್ತಿಲ್ಲಾ..."

ಬೆಲ್ಟಿನ ಬಕಲು ಬೆನ್ನಿಗೆ ಬಿತ್ತು, ತೋಳಿಗೆ ಬಿತ್ತು, ಬಗ್ಗಿದಾಗ ಕಿವಿಯ ಹಿಂದೆ ಬಿದ್ದು ರಕ್ತ ಬಂತು. ಅವಳು ಮೇಜಿನ ಕೆಳಗೆ ನುಗ್ಗಿದಳು. ಕಾಲು ಹಿಡಿದು ಈಚೆಗೆ ಎಳೆದ. ಅವಳ ಫೋನನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ರುಬ್ಬುಗುಂಡು ಎತ್ತಿ ಹಾಕಿದ. ಇನ್ನು ಮೇಲೆ ಪಾಂಡವಪುರದ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದ.

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಚಿಕ್ಕಸ್ವಾಮಿ, "ಸಾಕು ಬುಡ್ಲಾ, ಅಕ್ಕಪಕ್ಕದೋರು ನೋಡ್ತಾವ್ರೆ" ಎಂದ. ಅವನ ಚಿಂತೆ ಅಕ್ಕಪಕ್ಕದವರದು. ಅವನೂ ತನ್ನ ಕಾಲದಲ್ಲಿ ಹಿತ್ತಾಳೆ ಬಿಂದಿಗೆ ಎಸೆದು ಹೆಂಡತಿಯ ಎಡಗೈ ಮುರಿದವನೇ. ಪುಟ್ಟತಾಯಮ್ಮನ ಆ ಮಣಿಕಟ್ಟು ಇವತ್ತಿಗೂ ಸೊಟ್ಟ. ಮುದ್ದೆ ಕಟ್ಟುವಾಗ ಬಲಗೈ ಒಂದೇ ಕೆಲಸ ಮಾಡುತ್ತದೆ.

ಅಂದು ಪುಟ್ಟತಾಯಮ್ಮ ಸೊಸೆಯ ಕಿವಿಯ ಹಿಂದೆ ಅರಿಸಿನ ಮೆತ್ತಿದಳು. ತನ್ನ ಫೋನಿನಿಂದಲೇ ಕೆ.ಆರ್. ಪೇಟೆಗೆ ಮಾಡಿ ಕೊಟ್ಟಳು. ಆ ಕಡೆಯಿಂದ ತಾಯಿ ಎಲ್ಲವನ್ನೂ ಕೇಳಿ ಅತ್ತಳು. ಅತ್ತಾದ ಮೇಲೆ, "ಗಂಡ ಅಲ್ವಾ ಕಣವ್ವ, ಅನುಸರ್ಸ್ಕಂಡ್ ಓಗು" ಎಂದಳು. ಪ್ರಮೀಳಾ ಫೋನು ಇಟ್ಟು ಅಕ್ಕಿ ಆರಿಸಲು ಕೂತಳು.

ಮರುವಾರ ನಾಗಮಂಗಲದ ಹತ್ತಿರ ನೆಂಟರ ಮನೆಯಲ್ಲಿ ಬೀಗರೂಟ. ಕುಮಾರ್ ಬೆಳಿಗ್ಗೆಯೇ ಬೈಕ್ ಹತ್ತಿ ಹೊರಟುಹೋದ. ಮಗ ಬಾಡೂಟ ಮುಗಿಸಿ ಬರುವುದು ತಡವಾಗುತ್ತದೆಂದು ಚಿಕ್ಕಸ್ವಾಮಿ ಮಧ್ಯಾಹ್ನವೇ ಮೇವು ಕತ್ತರಿಸಲು ಹಿತ್ತಲಿಗೆ ಹೋದ. ಪ್ರಮೀಳಾ ಒಂದು ಮದುಮಗಳ ಕೊರಳಿನ ಹಾರಕ್ಕೆ ಬಣ್ಣ ಸರಿಮಾಡುತ್ತಿದ್ದಳು. ಹಿಂದುಗಡೆ ಮಿಷನ್ನು ಗುರ್ ಎಂದಿತು. ಪರದೆ ಕಪ್ಪಾಯಿತು.

ಅವಳು ಮೊದಲು ಹಿಂಬಾಗಿಲ ಕಡೆ ತಿರುಗಿದಳು. ಯಾರೂ ಬರಲಿಲ್ಲ. ಕುಮಾರ್ ನಾಗಮಂಗಲದಲ್ಲಿ ಇದ್ದಾನೆ. ಅವನಿಲ್ಲದಿದ್ದರೂ ಆರಿದೆ! ಅವಳಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಬರಿಗಾಲಲ್ಲಿ ಹಿತ್ತಲಿಗೆ ಓಡಿದಳು.

"ಮಾವ, ಮಿಷನ್ ನಿಲ್ಸಿ! ನಾನು ಕೂಗ್ದಾಗ ಮತ್ತೆ ಹಾಕಿ!"

"ಯಾಕವ್ವಾ, ಮಿಷನ್ ಜೊತೆ ಆಟ ಆಡೀಯಾ?"

"ನಿಮ್ ಕಾಲಿಗ್ ಬೀಳ್ತೀನಿ, ಒಂದ್ ಸಲ ಹಾಕಿ."

ಚಿಕ್ಕಸ್ವಾಮಿ ಗೊಣಗುತ್ತಲೇ ಹಾಕಿದ. ಕಂಪ್ಯೂಟರು ಆರಿತು. ಮತ್ತೆ ಹಾಕಿಸಿದಳು, ಮತ್ತೆ ಆರಿತು. ಮಿಷನ್ನಿನ ಮೋಟಾರು ಏಳುವಾಗ ಮನೆಯ ಕರೆಂಟನ್ನು ಒಂದು ಕ್ಷಣ ಎಳೆದುಕೊಳ್ಳುತ್ತಿತ್ತು. ಬಲ್ಬಿಗೆ, ಟೀವಿಗೆ ಗೊತ್ತಾಗದಷ್ಟು. ಆದರೆ ಮಿಷನ್ನು ಬಂದು ಮೂರು ವರ್ಷವಾಗಿದೆ, ಆಗೆಲ್ಲ ಆರದ್ದು ಈಗ ಯಾಕೆ? ಗೌರಿ ಹಬ್ಬದಿಂದ ಈಚೆಗೆ ಬದಲಾದದ್ದೇನು? ಕೋಣೆಯಲ್ಲಿ ಮಲಗಿದ್ದ ಅಪ್ಪುವನ್ನು ಎಬ್ಬಿಸಿ ಅವನ ಮುಖವನ್ನೇ ನೋಡುತ್ತಾ ಕೇಳಿದಳು.

"ನೀನೇನ್ ಮಾಡ್ದೆ ಅದುಕ್ಕೆ?"

ಅಪ್ಪು ತಲೆ ತಗ್ಗಿಸಿದ. ಎಲ್ಲ ಹೇಳಿದ. "ವೇಗ ಜಾಸ್ತಿ ಮಾಡಿದ್ನಲ್ಲ ಅತ್ಗೆ, ಸ್ವಲ್ಪ ಕರೆಂಟ್ ಕಮ್ಮಿ ಆದ್ರೂ ಈಗ ಅದು ತಡ್ಕಣಲ್ಲ. ಮಿಷನ್ ವಿಷ್ಯ ನಂಗೂ ಹೊಳೀನಿಲ್ಲ. ಈಗ್ಲೇ ಇಳಿಸ್ಬುಡ್ತೀನಿ. ಅಣ್ಣಂಗ್ ಏಳ್ಬ್ಯಾಡಿ, ಸಾಯಿಸ್ಬುಡ್ತಾನೆ."

ಪ್ರಮೀಳಾ ಕೂದಲು ಸರಿಸಿ ಕಿವಿಯ ಹಿಂದಿನ ಗಾಯ ತೋರಿಸಿದಳು.

"ಇದನ್ನ ಯಾರ್ ಇಳಿಸ್ತಾರೆ? ಅಂಗೇ ಇರ್ಲಿ. ನಾಳೆ ನಿಮ್ಮಣ್ಣನ ಮುಂದೆ ಆರ್ಲಿ."

ಮಾರನೆಯ ಸಂಜೆ ಎಲ್ಲರೂ ಇದ್ದರು. ಅವಳು ಗಂಡನನ್ನು ಅವನ ಹೆಸರು ಹಿಡಿದು ಕರೆಯಲಿಲ್ಲ, ಕೂಗಾಡಲಿಲ್ಲ. ಕುರ್ಚಿ ಎಳೆದು, "ನೀವೇ ಕುಂತ್ಕಳಿ, ನಾನ್ ಮುಟ್ಟಾಕಿಲ್ಲ" ಎಂದು ಗೋಡೆಗೆ ಒರಗಿ ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಳು. ಪರದೆಯ ಮೇಲೆ ಮದುಮಗಳು ನಗುತ್ತಿದ್ದಳು. "ಮಾವ, ಹಾಕಿ" ಎಂದಳು. ಹಿತ್ತಲಲ್ಲಿ ಮಿಷನ್ನು ಎದ್ದಿತು. ಕುಮಾರನ ಮೂಗಿನ ಮುಂದೆಯೇ ಪರದೆ ಆರಿಹೋಯಿತು.

"ದಿನಾ ಬಂದು ಮಿಷನ್ ಹಾಕೋರು ನೀವೇ" ಎಂದಳು. "ಆಫ್ ಮಾಡ್ತಿದ್ದೋರು ನೀವೇ ಕಣ್ರೀ."

ಕುಮಾರ್ ಕಪ್ಪು ಪರದೆಯನ್ನೇ ನೋಡುತ್ತಾ ಕೂತ. ಅಪ್ಪು ತನ್ನ ಪಾಲಿನ ತಪ್ಪು ಒಪ್ಪಿಕೊಂಡ. ಅಲ್ಲಿಯ ತನಕ ಎಲ್ಲಿ ಇಳಿಸಲಿ ಎಂದು ಹುಡುಕುತ್ತಿದ್ದ ಕೋಪಕ್ಕೆ ಜಾಗ ಸಿಕ್ಕಿತು. ಕುಮಾರ್ ಎದ್ದು ತಮ್ಮನ ಮುಖಕ್ಕೆ ಗುದ್ದಿದ. ಹುಬ್ಬು ಒಡೆಯಿತು. ಕೊರಳಪಟ್ಟಿ ಹಿಡಿದು ಹಿತ್ತಲಿಗೆ ಎಳೆದೊಯ್ದ. ಮೇವಿನ ಮಿಷನ್ನು ಇನ್ನೂ ಓಡುತ್ತಲೇ ಇತ್ತು.

"ಇಡ್ಲಾ ಕೈಯ ಇದ್ರೊಳ್ಗೆ! ಗೇಮ್ ಆಡೋ ಕೈಯ ಇಡ್ಲಾ!"

ಅಪ್ಪುವಿನ ಕೈ ಮಿಷನ್ನಿಗೆ ಹುಲ್ಲು ಕೊಡುವ ದೋಣಿಯೊಳಗೆ ಹೋಗಿತ್ತು. ಪ್ರಮೀಳಾ ಓಡಿಬಂದು ಗಂಡನ ಸೊಂಟ ಹಿಡಿದು ಹಿಂದಕ್ಕೆ ಎಳೆದಳು, ಅವನು ಮೊಣಕೈಯಿಂದ ಅವಳ ಎದೆಗೆ ತಿವಿದ. ಪುಟ್ಟತಾಯಮ್ಮ ಸ್ವಿಚ್ಚಿನ ಕಡೆ ಹೋಗಲಿಲ್ಲ, ವೈರನ್ನೇ ಗೋಡೆಯಿಂದ ಕಿತ್ತು ಎಸೆದಳು. ಬ್ಲೇಡು ಸುತ್ತಿ ಸುತ್ತಿ ನಿಂತಿತು. ಚಿಕ್ಕಸ್ವಾಮಿ ಗುದ್ದಲಿಯ ಕಾವು ತೆಗೆದುಕೊಂಡು ಹಿರಿಮಗನ ಬೆನ್ನಿಗೆ ಬಿಟ್ಟ. ಕುಮಾರ್ ತಿರುಗಿ ಅಪ್ಪನ ಎದೆ ನೂಕಿದ. ಮುದುಕ ಸಗಣಿಯ ಮೇಲೆ ಬಿದ್ದ. ಆಮೇಲೆ ಎಲ್ಲರೂ ಏದುಸಿರು ಬಿಡುತ್ತಾ ನಿಂತರು. ಹಸುಗಳು ಹಗ್ಗ ಜಗ್ಗುತ್ತಾ ಕೂಗುತ್ತಿದ್ದವು.

ಇಷ್ಟೆಲ್ಲ ಆದರೂ ಕುಮಾರ್ ಒಂದು ಸಲವಾದರೂ ಹೆಂಡತಿಯ ಕಡೆ ತಿರುಗಿ, ತಪ್ಪಾಯಿತು ಎನ್ನಲಿಲ್ಲ.

ಅಪ್ಪುವಿನ ಹುಬ್ಬಿಗೆ ಹೊಲಿಗೆ ಬಿತ್ತು. ಬ್ಯಾಂಡೇಜು ಕಟ್ಟಿಕೊಂಡೇ ಕೂತು ಕಂಪ್ಯೂಟರಿನ ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿದ. ಎಲೆಕ್ಟ್ರಿಷಿಯನ್ ಬಂದು ಮಿಷನ್ನಿಗೆ ಬೇರೆ ವೈರು ಎಳೆದ. ಅಂದಿನಿಂದ ಪರದೆ ಆರಲಿಲ್ಲ. ಭಾನುವಾರ ಮನೆಯಲ್ಲಿ ಕುರಿಮಾಂಸದ ಸಾರು ಮಾಡಿದರು. ಚಿಕ್ಕಸ್ವಾಮಿ ಮೂಳೆ ಚೀಪುತ್ತಾ, "ಎಲ್ಲಾ ಸರೋಯ್ತಲ್ಲ, ಇನ್ನಾದ್ರೂ ನೆಟ್ಗಿರಿ" ಎಂದ. ಪ್ರಮೀಳಾ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವಳೂ ಹಾಗೇ ನಂಬಿದ್ದಳು, ಪಾಪ.

ದೀಪಾವಳಿಯ ಹಿಂದಿನ ವಾರ ಕುಮಾರ್ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಮುಂಬಾಗಿಲಿನಿಂದ ಬಂದ. ಪ್ರಮೀಳಾ ಬೆನ್ನು ಹಾಕಿ ಕೂತಿದ್ದಳು. ಪರದೆ ಬೆಳಗುತ್ತಿತ್ತು. ಅದರಲ್ಲಿ ಧಾರೆ ಎರೆಯುತ್ತಿದ್ದ ಮುದುಕ ಮುದುಕಿ ಇದ್ದರು. ಕುಮಾರ್ ಅವಳನ್ನು ಕುರ್ಚಿಯಿಂದ ಏಳಿಸಿ ತಾನು ಕೂತು ಒಂದೊಂದೇ ತೆರೆದು ನೋಡಿದ. ಮದುಮಕ್ಕಳು, ನೆಂಟರು, ಊಟದ ಸಾಲು. ಇನ್ನೊಂದು ಮದುವೆ, ಇನ್ನೊಂದು ಊಟದ ಸಾಲು. ನೋಡಿ ಮುಗಿಸಿದ. ಪ್ರಮೀಳಾ ಈಗಲಾದರೂ ಅವನ ಮುಖ ತಿಳಿಯಾಗುತ್ತದೆ ಎಂದು ಕಾದಳು.

"ಎಲ್ಲಾ ಅಳಿಸ್ಬುಟ್ಟಿದ್ದೀಯ" ಎಂದ ಕುಮಾರ್.

ಅವಳ ಜಡೆಯನ್ನು ಮುಷ್ಟಿಗೆ ಸುತ್ತಿ ಹಣೆಯನ್ನು ಮೇಜಿಗೆ ಬಡಿದ. ಎರಡನೆಯ ಸಲ ಬಡಿಯುವಷ್ಟರಲ್ಲಿ ಅಪ್ಪು ಬಂದು ಅವನ ಕೈ ಹಿಡಿದುಕೊಂಡ.

"ಬುಡಣ್ಣಾ. ಇನ್ನೊಂದ್ ಏಟು ಬಿದ್ರೆ ನಾನೇ ಪೊಲೀಸ್ನೋರ್ಗೆ ಫೋನ್ ಮಾಡ್ತೀನಿ."

ಹಣೆಯಿಂದ ರಕ್ತ ಮೂಗಿನ ಮೇಲೆ ಇಳಿಯುತ್ತಿತ್ತು. ಪ್ರಮೀಳಾ ಅಳಲಿಲ್ಲ. ಪರದೆಯನ್ನು ನೋಡಿದಳು. ಅದು ಆರಿರಲಿಲ್ಲ.

ಬೆಳಿಗ್ಗೆ ಹಾಲು ಡೇರಿಗೆ ಹೋದ ಮೇಲೆ ಅವಳು ವೈರುಗಳನ್ನು ಬಿಚ್ಚಿ ಸುತ್ತಿದಳು. ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿದಳು. ಚಿಕ್ಕಸ್ವಾಮಿ ಜಗಲಿಯಿಂದ ಎದ್ದು ನಿಂತ.

"ಎಲ್ಲಿಗವ್ವಾ?"

"ಪಾಂಡುಪುರಕ್ಕೆ ಮಾವ. ಅರ್ಪಿತ ಅವರ ಸ್ಟುಡಿಯೋ ಹಿಂದೆ ರೂಮ್ ಅದೆ."

"ಕಂಪ್ಯೂಟ್ರು ಸರೋಯ್ತಲ್ಲ, ಇನ್ನೇನ್ ಬಂತು ನಿಂಗೆ? ಮನೆ ಮರ್ವಾದೆ ಕಳೀಬ್ಯಾಡ."

"ಅದುಕ್ಕೇ ಓಗ್ತಿರೋದು ಮಾವ. ಕೆಟ್ಟಿರೋದು ಯಾವ್ದು ಅಂತ ಗೊತ್ತಾಗ್ಬೇಕು ಅಂದ್ರೆ ಒಂದೊಂದೇ ತೆಗ್ದು ನೋಡ್ಬೇಕು. ಫೋನ್ ತೆಗುದ್ರು, ಆದ್ರೂ ನನ್ನ ಒಡುದ್ರು. ಪಾಂಡುಪುರಕ್ ಓಗೋದ್ ಬುಡ್ಸುದ್ರು, ಆದ್ರೂ ಒಡುದ್ರು. ಆಫ್ ಆಗೋದೂ ನಿಲ್ತು, ನೆನ್ನೆನೂ ಒಡುದ್ರು. ಇನ್ನೇನ್ ಉಳ್ದದೆ ತೆಗಿಯಾಕೆ?"

ಮಾತು ಕೇಳಿಸಿಕೊಂಡ ಕುಮಾರ್ ಹಿತ್ತಲಿನಿಂದ ಹುಲ್ಲು ಕೊಯ್ಯುವ ಕುಡುಗೋಲು ಹಿಡಿದೇ ಬಂದು ಹೊಸ್ತಿಲಿಗೆ ಅಡ್ಡ ನಿಂತ.

"ಒಸ್ಲು ದಾಟು ನೋಡನ. ಕಡ್ದಾಕ್ಬುಡ್ತೀನಿ."

ಪುಟ್ಟತಾಯಮ್ಮ ಅಡುಗೆಮನೆಯಿಂದ ಬಂದಳು. ತನ್ನ ಹಳೇ ಸೀರೆಯಲ್ಲಿ ಕ್ಯಾಬಿನೆಟ್ಟನ್ನು ಸುತ್ತಿ ಗಂಟು ಹಾಕಿದಳು. ಬಲಗೈಯಿಂದ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಸೊಟ್ಟ ಎಡಗೈಯಿಂದ ಒತ್ತಿ ಹಿಡಿದು, ಮಗನ ಎದುರಿಗೆ ಹೋಗಿ ನಿಂತಳು.

"ಮಡಗ್ಲಾ ಕುಡ್ಲ ಕೆಳಕ್ಕೆ."

"ನೀನ್ ಸುಮ್ಕಿರವ್ವ."

"ಇಷ್ಟ್ ದಿನ ಸುಮ್ಕಿದ್ದೆ. ಕಡಿಯಂಗಿದ್ರೆ ಮೊದ್ಲು ನನ್ ಕಡಿ. ಇಲ್ಲ, ದಾರಿ ಬುಡು."

ಕುಮಾರ್ ಕುಡುಗೋಲು ಎತ್ತಿದ. ಮುದುಕಿ ಕದಲಲಿಲ್ಲ. ಅವನು ಪಕ್ಕಕ್ಕೆ ಸರಿದು ಅದನ್ನು ಬೀಸಿ ಬಾಗಿಲ ಚೌಕಟ್ಟಿಗೆ ಹೊಡೆದ. ಅದರ ಮೊನೆ ಮರದಲ್ಲಿ ನೆಟ್ಟುಕೊಂಡು ನಿಂತಿತು. ಪುಟ್ಟತಾಯಮ್ಮ ಅದರ ಕೆಳಗೆ ತಲೆ ತಗ್ಗಿಸಿ ಆಚೆಗೆ ನಡೆದಳು, ಹಿಂದೆ ಪ್ರಮೀಳಾ. ಕುಮಾರ್ ಹಿತ್ತಲಿಗೆ ಹೋಗಿ ಹಾಕಿದ ಮೇವಿನ ಮಿಷನ್ನಿನ ಸದ್ದು ಬೀದಿಯ ಕೊನೆಯ ತನಕ ಕೇಳಿಸಿತು.

ಬಸ್‌ಸ್ಟಾಪಿನಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಕಬ್ಬಿನ ಟ್ರಾಕ್ಟರುಗಳು ಹೋಗುತ್ತಿದ್ದವು.

"ನಾನೂ ಅಂಗೇ ಮಾಡ್ದೆ ಕಣವ್ವ" ಎಂದಳು ಪುಟ್ಟತಾಯಮ್ಮ. "ಉಪ್ಪು ಜಾಸ್ತಿ ಆಯ್ತು ಅಂತ ಒಡುದ್ರು, ಉಪ್ಪು ಸರಿ ಮಾಡ್ದೆ. ನೀರ್ ತರಾಕ್ ಓಗಿ ತಡ ಆಯ್ತು ಅಂತ ಒಡುದ್ರು, ಓಡೋಡಿ ಬಂದೆ. ತೌರಿಗ್ ಓದೆ ಅಂತ ಬಿಂದ್ಗೆ ಎಸುದ್ರು, ತೌರೇ ಬುಟ್ಬುಟ್ಟೆ. ಎಲ್ಲಾನೂ ಸರಿ ಮಾಡ್ದೆ. ಉಳ್ದಿದ್ದು ಯಾವ್ದು ಅಂತ ಮಾತ್ರ ನೋಡ್ನಿಲ್ಲ."

ಪ್ರಮೀಳಾ ಅತ್ತೆಯ ಸೊಟ್ಟ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಆಗ ಅವಳಿಗೆ ಅಳು ಬಂತು, ತಡೆಯಲಿಲ್ಲ.

ಪಾಂಡವಪುರದ ಬಸ್ಸು ಬಂತು. ಪುಟ್ಟತಾಯಮ್ಮ ಗಂಟನ್ನು ಎತ್ತಿಕೊಂಡು ತಾನೇ ಮೊದಲು ಹತ್ತಿದಳು. ಸೊಸೆಯನ್ನು ಕಿಟಕಿಯ ಪಕ್ಕ ಕೂರಿಸಿ ಅವಳ ತೊಡೆಯ ಮೇಲೆ ಕ್ಯಾಬಿನೆಟ್ಟು ಇಟ್ಟಳು. ಬಸ್ಸು ಹೊರಡಲು ಸೀಟಿ ಊದಿದರು.

"ಅತ್ತೆ, ಬಸ್ ಬುಡ್ತಾವ್ರೆ, ಇಳೀರಿ."

ಪುಟ್ಟತಾಯಮ್ಮ ಪಕ್ಕದಲ್ಲಿ ಕೂತಳು. ಕಂಡಕ್ಟರ್ ಬಂದು ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕೇಳಿದ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ, ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದ ಕಾರ್ಡನ್ನು ತೆಗೆದು ಕೊಟ್ಟಳು.

"ಪಾಂಡುಪುರಕ್ಕೆ ಎರ್ಡು ಕೊಡಪ್ಪ" ಎಂದಳು.